ಮಾದಕ ವಸ್ತು ರಕ್ತದಿಂದ ಹೋದ ಮೇಲೆ ನರಕೋಶದಲ್ಲಿ ಉಳಿಯುವುದೇನು?

ಕೊಕೇನ್ ಸೇವಿಸಿದವರ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ಮರುದಿನದ ಹೊತ್ತಿಗೆ ಆ ರಾಸಾಯನಿಕ ದೇಹದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಹೆರಾಯಿನ್ ಅದಕ್ಕಿಂತ ಬೇಗ, ಕೆಲವೇ ನಿಮಿಷಗಳಲ್ಲಿ, ಬೇರೆ ರೂಪ ತಾಳುತ್ತದೆ. ಅದರಿಂದ ಹುಟ್ಟುವ ಮಾರ್ಫೀನ್ ಕೂಡ ದಿನಗಳಲ್ಲಿ ಹೊರಬೀಳುತ್ತದೆ. ಮದ್ಯವನ್ನು ಯಕೃತ್ತು ಗಂಟೆಗಳಲ್ಲಿ ಒಡೆದು ಮುಗಿಸುತ್ತದೆ. ಇಷ್ಟಾದರೂ, ವರ್ಷಗಟ್ಟಲೆ ಏನನ್ನೂ ಮುಟ್ಟದೆ ಇದ್ದವರು ಒಂದು ದಿನ ಇದ್ದಕ್ಕಿದ್ದಂತೆ ಹಳೆಯ ಚಟಕ್ಕೆ ಮರಳುವುದನ್ನು ನಾವೆಲ್ಲ ಕೇಳಿದ್ದೇವೆ, ಕೆಲವರು ಮನೆಯಲ್ಲೇ ಕಂಡಿದ್ದೇವೆ. ವಸ್ತುವೇ ಇಲ್ಲವಾದ ಮೇಲೆ ಅದರ ಹಂಬಲವನ್ನು ಹಿಡಿದಿಟ್ಟುಕೊಂಡಿರುವುದು ಯಾವುದು ಎಂಬ ಪ್ರಶ್ನೆಯೇ ನನ್ನನ್ನು ಈ ವಿಷಯದ ಓದಿಗೆ ಎಳೆದದ್ದು.

ಈ ಪ್ರಶ್ನೆಗೆ ಪತ್ರಿಕೆಗಳಲ್ಲಿ ಆಗಾಗ ಸಿಗುವ ಉತ್ತರ, ಮಾದಕ ವಸ್ತು ನಮ್ಮ ಡಿಎನ್‌ಎಯನ್ನೇ ಬದಲಿಸಿಬಿಡುತ್ತದೆ ಎಂಬುದು. ಈ ಬಗೆಯ ಶೀರ್ಷಿಕೆ ಕಂಡಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಹೆತ್ತವರಿಂದ ಬಂದ ಡಿಎನ್‌ಎಯ ಅಕ್ಷರಗಳ ಸಾಲು ವ್ಯಸನದಿಂದ ತಿದ್ದಿಹೋಗುತ್ತದೆ ಎಂಬುದು ಇಲ್ಲಿನ ಸಂಶೋಧನೆಗಳ ತಿರುಳಲ್ಲ. ಆ ಸಾಲಿನ ಯಾವ ಭಾಗವನ್ನು ಜೀವಕೋಶ ಓದಬೇಕು, ಯಾವುದನ್ನು ಓದದೆ ಬಿಡಬೇಕು, ಓದಿದರೂ ಎಷ್ಟು ಜೋರಾಗಿ ಓದಬೇಕು ಎಂಬ ನಿಯಂತ್ರಣ ಬದಲಾಗುತ್ತದೆ. ಮನುಷ್ಯನಲ್ಲಿ ಪ್ರೋಟೀನ್ ತಯಾರಿಗೆ ಸೂಚನೆ ಕೊಡುವ ಜೀನ್‌ಗಳು ಸುಮಾರು 20,000. ಯಕೃತ್ತಿನ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಇರುವುದು ಅದೇ ಪಟ್ಟಿ. ಎರಡೂ ಬೇರೆ ಬೇರೆ ಕೋಶಗಳಾಗಿರುವುದಕ್ಕೆ ಕಾರಣ, ಒಂದೊಂದೂ ಆ ಪಟ್ಟಿಯ ಬೇರೆ ಬೇರೆ ಭಾಗಗಳನ್ನು ಬಳಸುವುದು. ಇಂಥ ನಿಯಂತ್ರಣದ ಅಧ್ಯಯನಕ್ಕೆ ಈಗ ಬಳಸುವ ಎಪಿಜೆನೆಟಿಕ್ಸ್ ಎಂಬ ಹೆಸರನ್ನು ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ 1942ರಲ್ಲಿ ಚಲಾವಣೆಗೆ ತಂದಾಗ ಅವರ ಗಮನವಿದ್ದದ್ದು ಭ್ರೂಣದ ಬೆಳವಣಿಗೆಯ ಮೇಲೆ. ಅದೇ ಪರಿಕಲ್ಪನೆ ಚಟದ ಅಧ್ಯಯನಕ್ಕೆ ಬಂದದ್ದು ಬಹಳ ತಡವಾಗಿ, ಹೆಚ್ಚುಕಡಿಮೆ ಈ ಶತಮಾನದಲ್ಲಿ.

ಈ ನಿಯಂತ್ರಣ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡದೆ ಮುಂದೆ ಹೋಗುವಂತಿಲ್ಲ. ಒಂದೊಂದು ಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇರುತ್ತದೆ. ಉರುಳೆಗೆ ನೂಲು ಸುತ್ತುವಂತೆ ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ: ಎಂಟು ಹಿಸ್ಟೋನ್‌ಗಳ ಒಂದು ಗುಂಪಿನ ಸುತ್ತ 147 ಅಕ್ಷರ ಜೋಡಿಗಳಷ್ಟು ಡಿಎನ್‌ಎ. ಸುತ್ತು ಬಿಗಿಯಾಗಿದ್ದಲ್ಲಿ ಜೀನ್ ಓದುವ ಯಂತ್ರಾಂಶಕ್ಕೆ ಒಳಹೋಗಲು ಜಾಗವಿರುವುದಿಲ್ಲ, ಸಡಿಲವಾಗಿದ್ದಲ್ಲಿ ಇರುತ್ತದೆ. ಹಿಸ್ಟೋನ್‌ಗಳ ಚಾಚಿಕೊಂಡಿರುವ ತುದಿಗಳಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡರೆ ಸಾಮಾನ್ಯವಾಗಿ ಸುತ್ತು ಸಡಿಲಗೊಳ್ಳುತ್ತದೆ. ಮೀಥೈಲ್ ಗುಂಪು ಅಂಟಿಕೊಂಡರೆ, ಅದು ಅಂಟಿದ ಜಾಗವನ್ನು ಅವಲಂಬಿಸಿ, ಜೀನ್ ಮುಚ್ಚಿಹೋಗಬಹುದು ಅಥವಾ ತೆರೆದುಕೊಳ್ಳಬಹುದು. ಡಿಎನ್‌ಎಗೇ ನೇರವಾಗಿ ಮೀಥೈಲ್ ಅಂಟುವುದೂ ಉಂಟು. ಈ ಗುರುತುಗಳನ್ನು ಹಚ್ಚಲು ಕೆಲವು ಕಿಣ್ವಗಳಿವೆ, ಅಳಿಸಲು ಬೇರೆ ಕೆಲವು. ನರಕೋಶಗಳಲ್ಲಿ ಬಹುಪಾಲು ಒಮ್ಮೆ ಹುಟ್ಟಿದ ಮೇಲೆ ವಿಭಜನೆಗೊಳ್ಳುವುದೇ ಇಲ್ಲ. ಆದ್ದರಿಂದ ಅಲ್ಲಿ ಬಿದ್ದ ಗುರುತು ಹೊಸ ಕೋಶಗಳ ಹುಟ್ಟಿನಲ್ಲಿ ಕರಗಿಹೋಗುವ ಅವಕಾಶವಿಲ್ಲ.

ಇನ್ನು ಮಾದಕ ವಸ್ತುವಿನ ಕಡೆಯಿಂದ ನೋಡೋಣ. ನಡುಮಿದುಳಿನ ಒಂದು ಸಣ್ಣ ಪ್ರದೇಶದಲ್ಲಿರುವ ನರಕೋಶಗಳು ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಇನ್ನೊಂದು ಪ್ರದೇಶಕ್ಕೆ ಡೋಪಮೀನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಕಳಿಸುತ್ತವೆ. ಕೊಕೇನ್ ಆ ಡೋಪಮೀನ್ ಮರಳಿ ಒಳಸೇರುವ ದಾರಿಯನ್ನೇ ಮುಚ್ಚುತ್ತದೆ. ಹೆರಾಯಿನ್ ಮತ್ತು ಮಾರ್ಫೀನ್‌ಗಳು ಡೋಪಮೀನ್ ಕೋಶಗಳಿಗೆ ಕಡಿವಾಣ ಹಾಕುವ ನೆರೆಯ ಕೋಶಗಳ ಬಾಯಿ ಕಟ್ಟುತ್ತವೆ. ನಿಕೋಟಿನ್ ಆ ಕೋಶಗಳನ್ನು ನೇರವಾಗಿ ಕೆಣಕುತ್ತದೆ. ದಾರಿ ಯಾವುದಾದರೂ ಕೊನೆಗೆ ಅಕಂಬೆನ್ಸ್‌ನಲ್ಲಿ ಡೋಪಮೀನ್ ಏರುತ್ತದೆ. ಇಷ್ಟರವರೆಗಿನ ಕಥೆ ಈಗ ಶಾಲಾ ಪಠ್ಯಗಳಲ್ಲೂ ಸಿಗುತ್ತದೆ; ಆದರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ, ಕೋಶದ ಹೊರಗೋಡೆಯಾಚೆಗೆ ಹೋಗುವುದಿಲ್ಲ. ಡೋಪಮೀನನ್ನು ಹಿಡಿದುಕೊಳ್ಳುವ, ಕೋಶದ ಮೇಲ್ಮೈಯಲ್ಲಿರುವ ಗ್ರಾಹಕ ಎಂಬ ಪ್ರೋಟೀನ್‌ಗೆ ತಾಗಿದ ಸಂಕೇತ ಕೋಶದೊಳಗಿನ ಹಲವು ಅಣುಗಳ ಮೂಲಕ ಹಾದು ಕೋಶಕೇಂದ್ರವನ್ನು ತಲುಪುತ್ತದೆ, ಮತ್ತು ಅಲ್ಲಿ ಕೆಲವು ಜೀನ್‌ಗಳು ನಿಮಿಷಗಳಲ್ಲೇ ಎಚ್ಚೆತ್ತುಕೊಳ್ಳುತ್ತವೆ. ಸಿ-ಫಾಸ್ ಎಂಬುದು ಅಂಥ ಒಂದು ಜೀನ್. ಅದರ ಪ್ರೋಟೀನ್ ಬೇಗ ಹುಟ್ಟಿ, ಗಂಟೆಗಳಲ್ಲೇ ನಾಶವಾಗುತ್ತದೆ.

ಒಂದೇ ಸಲ ಸೇವಿಸಿದರೆ ನಡೆಯುವುದು ಇದು. ಮತ್ತೆ ಮತ್ತೆ ಸೇವಿಸಿದಾಗ ನಡೆಯುವುದೇ ಬೇರೆ. ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಸಂಸ್ಥೆಯ ಎರಿಕ್ ನೆಸ್ಲರ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳಿಂದ ಬೆನ್ನುಹತ್ತಿರುವ ಡೆಲ್ಟಾ ಫಾಸ್‌ಬಿ ಎಂಬ ಪ್ರೋಟೀನ್ ಅದೇ ಫಾಸ್ ಕುಟುಂಬಕ್ಕೆ ಸೇರಿದ್ದು, ಆದರೆ ಬಾಲ ಕತ್ತರಿಸಿದ ರೂಪದ್ದು. ಕೋಶವು ಅದನ್ನು ಸುಲಭವಾಗಿ ಒಡೆಯಲಾರದು. ಪ್ರತಿ ಸೇವನೆಯೂ ಸ್ವಲ್ಪ ಸ್ವಲ್ಪ ಡೆಲ್ಟಾ ಫಾಸ್‌ಬಿಯನ್ನು ಹುಟ್ಟಿಸುತ್ತದೆ, ಹಿಂದಿನದು ಕರಗುವ ಮೊದಲೇ ಹೊಸದು ಸೇರಿಕೊಳ್ಳುತ್ತದೆ. ಹೀಗೆ ಅದು ಅಕಂಬೆನ್ಸ್‌ನ ಕೋಶಗಳಲ್ಲಿ ಶೇಖರವಾಗುತ್ತ ಹೋಗಿ, ಸೇವನೆ ನಿಂತ ಮೇಲೂ ವಾರಗಟ್ಟಲೆ ಉಳಿದಿರುತ್ತದೆ. ಅಲ್ಲಿ ಅದು ಸುಮ್ಮನೆ ಕೂತಿರುವುದಿಲ್ಲ. ಕೆಲವು ಜೀನ್‌ಗಳನ್ನು ಏರಿಸುತ್ತದೆ, ಕೆಲವನ್ನು ಇಳಿಸುತ್ತದೆ. ತಳಿಮಾರ್ಪಾಡಿನ ಮೂಲಕ ಈ ಪ್ರೋಟೀನನ್ನು ಹೆಚ್ಚು ಉತ್ಪಾದಿಸುವಂತೆ ಮಾಡಿದ ಇಲಿಗಳು ಕೊಕೇನ್‌ಗೆ ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸಿದವು. ಕೊಕೇನ್ ವ್ಯಸನವಿದ್ದು ತೀರಿಕೊಂಡ ಮನುಷ್ಯರ ಮಿದುಳಿನಲ್ಲೂ ಇದೇ ಪ್ರದೇಶದಲ್ಲಿ ಡೆಲ್ಟಾ ಫಾಸ್‌ಬಿ ಹೆಚ್ಚಿರುವುದು ಆಮೇಲೆ ಕಂಡುಬಂತು.

ಇದರ ಜೊತೆಯಲ್ಲೇ ನಡೆಯುವ ಇನ್ನೊಂದು ಕ್ರಿಯೆ ಇದಕ್ಕೆ ನೇರ ವಿರುದ್ಧವಾದದ್ದು. ಕ್ರೆಬ್ ಎಂಬ ಪ್ರೋಟೀನ್ ಸಕ್ರಿಯಗೊಂಡು ಡೈನಾರ್ಫಿನ್ ಎಂಬ ಅಣುವಿನ ಜೀನನ್ನು ಏರಿಸುತ್ತದೆ. ಡೈನಾರ್ಫಿನ್ ಹಿಂದಕ್ಕೆ ಹೋಗಿ ಡೋಪಮೀನ್ ಬಿಡುಗಡೆಯನ್ನು ತಗ್ಗಿಸುತ್ತದೆ. ಅತಿಯಾದ ಸುಖಕ್ಕೆ ಮಿದುಳು ಹಾಕಿಕೊಳ್ಳುವ ತಡೆ ಇದು ಎನ್ನಬಹುದು. ಸೇವನೆ ಮುಂದುವರಿದಿರುವಾಗ ಈ ತಡೆಯಿಂದಾಗಿ ಮೊದಲಿನ ಪ್ರಮಾಣ ಸಾಲದಾಗುತ್ತದೆ. ಸೇವನೆ ನಿಂತಾಗ ತಡೆ ಮಾತ್ರ ಉಳಿದು, ಊಟ, ಗೆಳೆತನ, ಹಾಡು ಯಾವುದರಲ್ಲೂ ರುಚಿ ಇಲ್ಲದ ಸ್ಥಿತಿ ಬರುತ್ತದೆ. ಮಾದಕ ವಸ್ತು ಬಿಟ್ಟ ಮೊದಲ ದಿನಗಳ ಈ ಬತ್ತಿದ ಮನಸ್ಥಿತಿಯನ್ನು ನೋಡುವವರು ಸೋಮಾರಿತನವೆಂದೋ ನಾಟಕವೆಂದೋ ಭಾವಿಸುವುದುಂಟು. ಅದರ ಹಿಂದೆ ಒಂದು ಜೀನ್‌ನ ಏರಿದ ಚಟುವಟಿಕೆ ಇರಬಹುದೆಂಬ ತಿಳಿವಳಿಕೆ ಅವರ ಸಿಟ್ಟನ್ನಾದರೂ ಸ್ವಲ್ಪ ತಗ್ಗಿಸೀತು. ಕ್ರೆಬ್‌ನ ಪ್ರಭಾವ ಸೇವನೆ ನಿಂತ ಕೆಲವು ದಿನಗಳಲ್ಲಿ ಇಳಿಯುತ್ತದೆ. ಡೆಲ್ಟಾ ಫಾಸ್‌ಬಿಯದು ಇಳಿಯಲು ವಾರಗಳು ಬೇಕು. ಅಂದರೆ ಬೇಸರ ಮೊದಲು ಹೋಗುತ್ತದೆ, ಮಾದಕ ವಸ್ತುವಿನ ಕಡೆಗಿನ ಸೆಳೆತ ಉಳಿದಿರುತ್ತದೆ.

ಆದರೆ ವಾರಗಳ ಲೆಕ್ಕವೂ ವರ್ಷಗಳ ಹಂಬಲವನ್ನು ವಿವರಿಸುವುದಿಲ್ಲ. ಇಲ್ಲಿಯೇ ಹಿಸ್ಟೋನ್‌ಗಳ ಮೇಲಿನ ಗುರುತುಗಳು ಮುಖ್ಯವಾಗುವುದು. ನೆಸ್ಲರ್ ಅವರ ಗುಂಪು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೊಕೇನನ್ನು ಒಮ್ಮೆ ಕೊಟ್ಟಾಗ ಸಿ-ಫಾಸ್ ಜೀನ್‌ನ ಬಳಿ ಒಂದು ಬಗೆಯ ಹಿಸ್ಟೋನ್‌ಗೆ ಅಸಿಟೈಲ್ ಅಂಟಿತು. ದಿನಗಟ್ಟಲೆ ಕೊಟ್ಟಾಗ ಬೇರೆಯದೇ ಹಿಸ್ಟೋನ್‌ಗೆ, ಬೇರೆಯದೇ ಜೀನ್‌ಗಳ ಬಳಿ ಅಂಟಿತು. ಹಾಗೆ ತೆರೆದುಕೊಂಡವುಗಳಲ್ಲಿ ಒಂದು ನರಕೋಶಗಳ ಬೆಳವಣಿಗೆಯನ್ನು ಪೋಷಿಸುವ ಬಿಡಿಎನ್‌ಎಫ್ ಜೀನ್. 2010ರಲ್ಲಿ ಅದೇ ಗುಂಪು ಇದರ ಇನ್ನೊಂದು ಮುಖವನ್ನು ತೋರಿಸಿತು: ಮೀಥೈಲ್ ಹಚ್ಚಿ ಜೀನ್‌ಗಳನ್ನು ಮುಚ್ಚಿಡುವ ಜಿ9ಎ ಎಂಬ ಕಿಣ್ವ ಕೊಕೇನ್‌ನ ಪುನರಾವರ್ತಿತ ಸೇವನೆಯಿಂದ ಇಲಿಗಳ ಅಕಂಬೆನ್ಸ್‌ನಲ್ಲಿ ಕಡಿಮೆಯಾಗುತ್ತದೆ, ಹಾಗೂ ಅದನ್ನು ಕಡಿಮೆ ಮಾಡುವುದರಲ್ಲಿ ಡೆಲ್ಟಾ ಫಾಸ್‌ಬಿಯ ಕೈವಾಡವಿದೆ. ಕಾವಲು ತೆಗೆದ ಮೇಲೆ, ಮುಚ್ಚಿರಬೇಕಿದ್ದ ಹಲವು ಜೀನ್‌ಗಳು ತೆರೆದುಕೊಳ್ಳುತ್ತವೆ. ನರಕೋಶಗಳ ಕವಲುಗಳ ಮೇಲೆ ಹೊಸ ಮುಳ್ಳುಗಳಂಥ ಚಾಚುಗಳು ಮೂಡಿ ಹೊಸ ಸಂಪರ್ಕಗಳಿಗೆ ಜಾಗವಾಗುತ್ತದೆ. ಈ ಹಂತದಲ್ಲಿ ವಿಷಯ ರಾಸಾಯನಿಕದ್ದಷ್ಟೇ ಆಗಿ ಉಳಿಯುವುದಿಲ್ಲ, ಮಿದುಳಿನ ಹೆಣಿಗೆಯದಾಗುತ್ತದೆ. ಡೆಲ್ಟಾ ಫಾಸ್‌ಬಿ ಕರಗಿಹೋದ ಮೇಲೂ ಅದು ಶುರುಮಾಡಿದ ಕೆಲಸ ಮುಂದುವರಿದಿರಬಹುದು ಎಂಬ ವಾದಕ್ಕೆ ಇದು ಬಲ ಕೊಡುತ್ತದೆ.

ಇದಕ್ಕೆ ಹೊಂದುವ ಒಂದು ವಿಚಿತ್ರ ಸಂಗತಿ 2001ರಲ್ಲಿ ಇಲಿಗಳಲ್ಲಿ ದಾಖಲಾಯಿತು. ಕೊಕೇನ್ ನಿಲ್ಲಿಸಿದ ಮೇಲೆ, ಅದನ್ನು ನೆನಪಿಸುವ ಸೂಚನೆಗಳಿಗೆ ಇಲಿಗಳು ತೋರುವ ಹಂಬಲ ಮೊದಲ ದಿನಕ್ಕಿಂತ ಒಂದು ತಿಂಗಳ ನಂತರ, ಎರಡು ತಿಂಗಳ ನಂತರ ಹೆಚ್ಚಾಗಿತ್ತು. ಕಾಲ ಕಳೆದಂತೆ ಹಂಬಲ ಇಳಿಯಬೇಕೆಂಬ ನಮ್ಮ ಸಹಜ ನಿರೀಕ್ಷೆಗೆ ಇದು ತದ್ವಿರುದ್ಧ. ನನ್ನ ಆಪ್ತರೊಬ್ಬರು ಕುಡಿತ ಬಿಟ್ಟು ವರ್ಷಗಳಾಗಿವೆ. ಮೊದಲ ವಾರಕ್ಕಿಂತ ಮೂರನೆಯ ತಿಂಗಳು ತಮಗೆ ಕಷ್ಟವಾಗಿತ್ತು ಎಂದು ಅವರು ಹೇಳಿದಾಗ ನನಗೆ ಈ ಪ್ರಯೋಗದ ಅರಿವಿರಲಿಲ್ಲ, ಅವರು ಉತ್ಪ್ರೇಕ್ಷೆ ಮಾಡುತ್ತಿಲ್ಲವೆಂದು ಮಾತ್ರ ಮುಖದಲ್ಲಿ ಕಾಣುತ್ತಿತ್ತು. ಒಬ್ಬರ ಅನುಭವ ಪುರಾವೆಯಲ್ಲ, ನಿಜ. ಆದರೂ ಬಿಟ್ಟವರಿಗೆ ಮೊದಲ ಕೆಲವು ದಿನ ಮಾತ್ರ ಬೆಂಬಲ ಕೊಟ್ಟು, ಇನ್ನು ಸರಿಹೋಯಿತೆಂದು ಕೈಬಿಡುವ ನಮ್ಮ ರೂಢಿ ಎಷ್ಟು ಅವಸರದ್ದು ಎಂದು ಇದನ್ನು ಓದಿದಾಗ ಅನ್ನಿಸಿತು.

ಇಷ್ಟೂ ಹೊತ್ತು ಹೇಳಿದ್ದರಲ್ಲಿ ಹೆಚ್ಚಿನದು ಇಲಿಗಳ ಮಿದುಳಿನದು ಎಂಬುದನ್ನು ಓದುಗರು ಗಮನಿಸಿರಬಹುದು. ಮನುಷ್ಯರ ವಿಷಯದಲ್ಲಿ ತೊಡಕಿರುವುದು ಇಲ್ಲಿಯೇ. ಬದುಕಿರುವ ವ್ಯಕ್ತಿಯ ಅಕಂಬೆನ್ಸ್‌ನಿಂದ ತುಣುಕು ತೆಗೆದು ಪರೀಕ್ಷಿಸುವಂತಿಲ್ಲ. ಮಿದುಳಿನ ಚಿತ್ರಣ ಯಂತ್ರಗಳು ರಕ್ತದ ಹರಿವನ್ನೋ ಗ್ರಾಹಕಗಳ ಸಂಖ್ಯೆಯನ್ನೋ ತೋರಿಸಬಲ್ಲವೇ ಹೊರತು, ಸಾವಿರಾರು ಜೀನ್‌ಗಳಲ್ಲಿ ಯಾವುದು ಎಷ್ಟು ನಡೆಯುತ್ತಿದೆ ಎಂಬುದನ್ನಲ್ಲ. ಆದ್ದರಿಂದ ಉಳಿಯುವ ದಾರಿ ಮರಣೋತ್ತರವಾಗಿ ದೊರೆತ ಮಿದುಳುಗಳು. ಅದರಲ್ಲೂ ನೂರೆಂಟು ಗೊಂದಲ. ಸಾವಿಗೂ ಅಂಗಾಂಶವನ್ನು ಶೈತ್ಯದಲ್ಲಿ ಇಡುವುದಕ್ಕೂ ನಡುವೆ ಕಳೆದ ಗಂಟೆಗಳಲ್ಲಿ ಜೀನ್ ಚಟುವಟಿಕೆಯ ಸಾಕ್ಷಿಯಾದ ಆರ್‌ಎನ್‌ಎ ಹಾಳಾಗುತ್ತ ಹೋಗುತ್ತದೆ. ತೀರಿಕೊಂಡವರು ಒಂದೇ ವಸ್ತುವನ್ನು ಬಳಸುತ್ತಿದ್ದವರಾಗಿರುವುದು ಅಪರೂಪ. ಹೊಗೆ, ಮದ್ಯ, ನಿದ್ರೆ ಮಾತ್ರೆ ಜೊತೆಗಿರುತ್ತವೆ. ಕಂಡ ಬದಲಾವಣೆ ವ್ಯಸನದ ಫಲವೋ, ವ್ಯಸನಕ್ಕೆ ಒಲಿಸಿದ ಕಾರಣವೋ, ಅಥವಾ ಬಡತನ, ಒತ್ತಡ, ಖಿನ್ನತೆಗಳ ಗುರುತೋ ಎಂಬುದನ್ನು ಒಂದೇ ಕ್ಷಣದಲ್ಲಿ ನಿಂತುಹೋದ ಮಿದುಳು ಹೇಳಲಾರದು.

ಈ ತೊಡಕುಗಳ ನಡುವೆಯೂ ನನಗೆ ಹೆಚ್ಚು ವಿಶ್ವಾಸ ಮೂಡಿಸಿದ್ದು ಯಾಸ್ಮಿನ್ ಹರ್ಡ್ ಅವರ ಪ್ರಯೋಗಾಲಯದ ಕೆಲಸ. ಹೆರಾಯಿನ್ ಬಳಸುತ್ತಿದ್ದು ತೀರಿಕೊಂಡವರ ಮಿದುಳಿನಲ್ಲಿ ಅಕಂಬೆನ್ಸ್ ಅನ್ನೂ ಒಳಗೊಂಡ ಸ್ಟ್ರಯೇಟಂ ಭಾಗವನ್ನು ಪರೀಕ್ಷಿಸಿ 2017ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ, ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕದ ಸಂವಹನಕ್ಕೆ ಸಂಬಂಧಿಸಿದ ಜೀನ್‌ಗಳ ಚಟುವಟಿಕೆ ಏರುಪೇರಾಗಿತ್ತು. ಹಿಸ್ಟೋನ್‌ಗಳ ಮೇಲೆ ಅಸಿಟೈಲ್ ಗುರುತುಗಳು ಹೆಚ್ಚಾಗಿದ್ದವು. ಹೆರಾಯಿನ್ ಬಳಸಿದ ವರ್ಷಗಳು ಹೆಚ್ಚಿದಷ್ಟೂ ಆ ಗುರುತುಗಳೂ ಹೆಚ್ಚಿದ್ದವು. ವರ್ಷಗಳ ಲೆಕ್ಕದೊಂದಿಗೆ ಗುರುತು ಏರುವುದು, ಅದು ಹುಟ್ಟಿನಿಂದಲೇ ಇದ್ದದ್ದಲ್ಲ, ಬಳಕೆಯಿಂದ ಕೂಡುತ್ತ ಬಂದದ್ದು ಎಂಬುದರತ್ತ ಬೊಟ್ಟುಮಾಡುತ್ತದೆ. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಅಸಿಟೈಲ್ ಗುರುತನ್ನು ಓದುವ ಪ್ರೋಟೀನ್‌ಗಳಿಗೆ ಅಡ್ಡಬರುವ ಜೆಕ್ಯೂ1 ಎಂಬ ರಾಸಾಯನಿಕವನ್ನು, ಹೆರಾಯಿನನ್ನು ತಾವೇ ಗುಂಡಿ ಒತ್ತಿ ಪಡೆಯಲು ಕಲಿತಿದ್ದ ಇಲಿಗಳಿಗೆ ಕೊಟ್ಟು ನೋಡಿದರು. ಅವುಗಳ ಸೇವನೆ ಕಡಿಮೆಯಾಯಿತು. ಮನುಷ್ಯನಲ್ಲಿ ಕಂಡದ್ದನ್ನು ಪ್ರಾಣಿಯಲ್ಲಿ ಪರೀಕ್ಷಿಸುವ ಈ ಹಿಮ್ಮುಖ ಕ್ರಮವೇ ಸರಿಯಾದದ್ದೆಂದು ನನ್ನ ಭಾವನೆ. ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯನ ಮೇಲೆ ಹೇರುವುದಕ್ಕಿಂತ ಅದು ಹೆಚ್ಚು ಪ್ರಾಮಾಣಿಕ.

2020ರಲ್ಲಿ ಇಯಾನ್ ಮೇಜ್ ಅವರ ಗುಂಪು ತಿಳಿಸಿದ ಸಂಗತಿಯಂತೂ ಇಡೀ ಚಿತ್ರವನ್ನೇ ಸ್ವಲ್ಪ ಅಲುಗಿಸಿತು. ಡೋಪಮೀನ್ ಎಂದರೆ ಕೋಶದಿಂದ ಕೋಶಕ್ಕೆ ಹೋಗುವ ಸಂದೇಶವಾಹಕವೆಂದೇ ಎಲ್ಲರೂ ತಿಳಿದಿದ್ದೆವು. ಅದು ಕೋಶಕೇಂದ್ರದೊಳಗೆ ಹಿಸ್ಟೋನ್‌ಗೆ ತಾನೇ ನೇರವಾಗಿ ಅಂಟಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಕೊಕೇನ್ ವ್ಯಸನವಿದ್ದು ತೀರಿಕೊಂಡವರ ನಡುಮಿದುಳಿನಲ್ಲಿ ಈ ಗುರುತು ಕಡಿಮೆ ಇತ್ತು. ಕೊಕೇನ್ ನಿಲ್ಲಿಸಿ ಒಂದು ತಿಂಗಳಾದ ಇಲಿಗಳಲ್ಲಿ ಹೆಚ್ಚಾಗಿತ್ತು. ಇಲಿಗಳಲ್ಲಿ ಅದನ್ನು ಬಲವಂತವಾಗಿ ಇಳಿಸಿದಾಗ ಕೊಕೇನ್ ಹುಡುಕುವ ವರ್ತನೆಯೂ ಇಳಿಯಿತು. ಬಳಸುತ್ತಿರುವಾಗಿನ ಮಿದುಳು ಮತ್ತು ಬಿಟ್ಟಿರುವಾಗಿನ ಮಿದುಳು ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಮದ್ಯದ ದಾರಿ ಇನ್ನೂ ಸೋಜಿಗದ್ದು. ಯಕೃತ್ತು ಮದ್ಯವನ್ನು ಒಡೆದಾಗ ಕೊನೆಗೆ ಅಸಿಟೇಟ್ ಉಳಿಯುತ್ತದೆ. ಅದು ರಕ್ತದಲ್ಲಿ ಹರಿದು ಮಿದುಳಿಗೆ ಬಂದು, ಅಲ್ಲಿನ ಒಂದು ಕಿಣ್ವದ ನೆರವಿನಿಂದ ಹಿಸ್ಟೋನ್‌ಗಳಿಗೆ ಅಂಟುವ ಅಸಿಟೈಲ್ ಗುಂಪೇ ಆಗಿಬಿಡುತ್ತದೆ ಎಂದು ಫಿಲಿಪ್ ಮ್ಯೂಸ್, ಶೆಲ್ಲಿ ಬರ್ಗರ್ ಮತ್ತು ಸಹೋದ್ಯೋಗಿಗಳು 2019ರಲ್ಲಿ ಇಲಿಗಳಲ್ಲಿ ತೋರಿಸಿದರು. ಕುಡಿದದ್ದು ಸಂಕೇತಗಳ ಮೂಲಕ ಪರೋಕ್ಷವಾಗಿ ಜೀನ್‌ಗಳನ್ನು ಕದಲಿಸುವುದರ ಜೊತೆಗೆ, ಅದರ ಇಂಗಾಲದ ಪರಮಾಣುಗಳೇ ಗುರುತಿನ ಭಾಗವಾಗಿ ಕುಳಿತುಕೊಳ್ಳುತ್ತವೆ. ಗರ್ಭಿಣಿ ಇಲಿಗಳು ಸೇವಿಸಿದ ಮದ್ಯದ ಅಂಶ ಭ್ರೂಣಗಳ ಮಿದುಳಿನ ಹಿಸ್ಟೋನ್‌ಗಳಲ್ಲೂ ಪತ್ತೆಯಾಯಿತು.

ತಂಬಾಕಿನ ವಿಷಯದಲ್ಲಿ ಎರಿಕ್ ಕ್ಯಾಂಡೆಲ್ ಮತ್ತು ಡೆನಿಸ್ ಕ್ಯಾಂಡೆಲ್ ದಂಪತಿಯ ಗುಂಪು 2011ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳಲೇಬೇಕು. ಇಲಿಗಳಿಗೆ 7 ದಿನ ನಿಕೋಟಿನ್ ಕೊಟ್ಟು ಆಮೇಲೆ ಕೊಕೇನ್ ಕೊಟ್ಟರೆ ಕೊಕೇನ್‌ನ ಪರಿಣಾಮ ಹೆಚ್ಚಿತು. ಮೊದಲು ಕೊಕೇನ್, ಆಮೇಲೆ ನಿಕೋಟಿನ್ ಎಂಬ ಕ್ರಮದಲ್ಲಿ ಹಾಗಾಗಲಿಲ್ಲ. ಅಸಿಟೈಲ್ ಅಳಿಸುವ ಕಿಣ್ವಗಳನ್ನು ನಿಕೋಟಿನ್ ತಡೆದು, ಡೆಲ್ಟಾ ಫಾಸ್‌ಬಿಗೆ ಮೂಲವಾದ ಫಾಸ್‌ಬಿ ಜೀನನ್ನು ಮೊದಲೇ ಅರೆತೆರೆದಿಡುವುದು ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಎಳೆಯ ವಯಸ್ಸಿನ ಹೊಗೆಸೇವನೆಯನ್ನು ಹಗುರವಾಗಿ ಕಾಣುವವರು ಈ ಒಂದು ಪ್ರಯೋಗವನ್ನಾದರೂ ಓದಬೇಕೆಂದು ನನಗನ್ನಿಸುತ್ತದೆ.

ಹಾಗಾದರೆ ಈ ಗುರುತುಗಳು ಮಕ್ಕಳಿಗೂ ಹೋಗುತ್ತವೆಯೇ? ಈ ಪ್ರಶ್ನೆಯ ಸುತ್ತ ಹಬ್ಬಿರುವ ಭಯ ಪುರಾವೆಗಿಂತ ದೊಡ್ಡದು. ವ್ಯಸನಕ್ಕೆ ಒಳಗಾಗುವ ಅಪಾಯದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟು ಆನುವಂಶಿಕವೆಂದು ಅವಳಿಗಳ ಅಧ್ಯಯನಗಳು ಸೂಚಿಸುತ್ತವೆ. ಆದರೆ ಅದು ಡಿಎನ್‌ಎಯ ಅಕ್ಷರ ಸಾಲಿನ ಮಾತು, ವ್ಯಸನದಿಂದ ಬಿದ್ದ ಗುರುತುಗಳದ್ದಲ್ಲ. ಗುರುತುಗಳ ಬಗ್ಗೆ 2013ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನದ ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿತ್ತು: ಕೊಕೇನ್ ಸೇವಿಸಿದ ಗಂಡು ಇಲಿಗಳ ಗಂಡು ಮರಿಗಳು ಕೊಕೇನ್ ಕಡೆಗೆ ಕಡಿಮೆ ಒಲವು ತೋರಿದವು. ಇದನ್ನಿಟ್ಟುಕೊಂಡು ಮನುಷ್ಯರ ಕುಟುಂಬಗಳ ಬಗ್ಗೆ ಯಾವ ತೀರ್ಪನ್ನೂ ಕೊಡಲಾಗದು.

ಗುರುತುಗಳನ್ನು ಅಳಿಸಬಹುದೇ ಎಂಬ ಪ್ರಶ್ನೆಗೆ ಇಲಿಗಳ ಮಟ್ಟದಲ್ಲಿ ಉತ್ತರ ಹೌದು. ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಸುಭಾಷ್ ಪಾಂಡೆ ಅವರ ಗುಂಪು, ಹರೆಯದಲ್ಲಿ ಮದ್ಯಕ್ಕೆ ಒಡ್ಡಿದ ಇಲಿಗಳ ಮಿದುಳಿನಲ್ಲಿ ಭಯ, ಆತಂಕಗಳಿಗೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗದಲ್ಲಿ ಆರ್ಕ್ ಎಂಬ ಜೀನ್‌ನ ಚಟುವಟಿಕೆ ಬೆಳೆದ ಮೇಲೂ ತಗ್ಗಿಯೇ ಇರುವುದನ್ನು ಕಂಡಿತ್ತು. 2022ರಲ್ಲಿ ಅವರು ಜೀನ್ ತಿದ್ದುವ ಕ್ರಿಸ್ಪರ್ ತಂತ್ರದ ಮಾರ್ಪಡಿಸಿದ ರೂಪವನ್ನು, ಅಂದರೆ ಡಿಎನ್‌ಎಯನ್ನು ಕತ್ತರಿಸದೆ ಅದರ ಮೇಲಿನ ಗುರುತನ್ನು ಮಾತ್ರ ತಿದ್ದುವ ರೂಪವನ್ನು ಬಳಸಿ, ಆ ಒಂದು ಜಾಗದಲ್ಲಿ ಅಸಿಟೈಲ್ ಹೆಚ್ಚಿಸಿದರು. ಇಲಿಗಳ ಆತಂಕವೂ ಕುಡಿತವೂ ಇಳಿದವು. ಮದ್ಯವನ್ನೇ ಕಾಣದ ಇಲಿಗಳಲ್ಲಿ ಅದೇ ಜಾಗವನ್ನು ಮುಚ್ಚಿದಾಗ ಎರಡೂ ಏರಿದವು. ಕಾರಣ ಮತ್ತು ಪರಿಣಾಮಗಳನ್ನು ಹೀಗೆ ಎರಡೂ ದಿಕ್ಕಿನಿಂದ ಕಟ್ಟಿಹಾಕಿದ ಪ್ರಯೋಗಗಳು ಈ ಕ್ಷೇತ್ರದಲ್ಲಿ ವಿರಳ. ಆದರೆ ಮಿದುಳಿನ ಆಳಕ್ಕೆ ಸೂಜಿಯಿಂದ ಔಷಧ ಸೇರಿಸುವ ಈ ವಿಧಾನ ಮನುಷ್ಯರ ಚಿಕಿತ್ಸೆಯಾಗುವ ದಿನ ಹತ್ತಿರದಲ್ಲಿಲ್ಲ. ಇಡೀ ದೇಹದ ಅಸಿಟೈಲ್ ಗುರುತುಗಳನ್ನು ಏರಿಸುವ ಮಾತ್ರೆಗಳು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈಗಾಗಲೇ ಇವೆ. ಅವು ಬೇಕಾದ ಜೀನ್, ಬೇಡವಾದ ಜೀನ್ ಎಂದು ಬೇರ್ಪಡಿಸುವುದಿಲ್ಲವಾದ್ದರಿಂದ ವ್ಯಸನಕ್ಕೆ ಅವುಗಳನ್ನು ಬಳಸುವುದು ಕೊಡಲಿಯಿಂದ ಉಗುರು ಕತ್ತರಿಸಿದಂತಾದೀತು.

ಗುರುತು ಬಿದ್ದ ಮೇಲೆ ಎಲ್ಲವೂ ನಿರ್ಧಾರವಾಗಿಬಿಟ್ಟಿತು ಎನ್ನುವವರಿಗೆ ಒಂದು ಹಳೆಯ ಅಧ್ಯಯನವನ್ನು ನೆನಪಿಸಬೇಕು. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಸಂಶೋಧಕಿ ಲೀ ರಾಬಿನ್ಸ್ ಸಮೀಕ್ಷೆ ಮಾಡಿದಾಗ, ಸುಮಾರು ಐವರಲ್ಲಿ ಒಬ್ಬರು ಅಲ್ಲಿ ತಾವು ಹೆರಾಯಿನ್ ಇಲ್ಲವೇ ಅಫೀಮಿಗೆ ದಾಸರಾಗಿದ್ದೆವೆಂದು ಹೇಳಿದರು. ಹಾಗೆ ದಾಸರಾಗಿದ್ದವರಲ್ಲಿ ಊರಿಗೆ ಮರಳಿದ ಮೊದಲ ವರ್ಷ ಮತ್ತೆ ವ್ಯಸನಕ್ಕೆ ಬಿದ್ದವರು ಸುಮಾರು ಶೇಕಡಾ 5 ಮಾತ್ರ. ಯುದ್ಧಭೂಮಿಯ ಭಯ, ಅಗ್ಗದ ಹೆರಾಯಿನ್, ಅದನ್ನು ನೆನಪಿಸುವ ಜಾಗ ಮತ್ತು ಜನ ಎಲ್ಲವೂ ಹಿಂದೆಯೇ ಉಳಿದುಹೋಗಿದ್ದವು. ತೆರೆದಿಟ್ಟ ಜೀನ್ ಕೂಡ ಸಂಕೇತ ಬಂದಾಗಲೇ ಓದಿಸಿಕೊಳ್ಳುವುದು. ಸಂಕೇತ ಹೊರಗಿನ ಬದುಕಿನಿಂದ ಬರುತ್ತದೆ. ಜೀವವಿಜ್ಞಾನಕ್ಕೂ ಸಾಮಾಜಿಕ ಪರಿಸ್ಥಿತಿಗೂ ನಡುವೆ ಜಗಳ ಹಚ್ಚುವವರ ವಾದ ನನಗೆ ಅರ್ಥವಾಗದಿರುವುದು ಇದೇ ಕಾರಣಕ್ಕೆ.

ಸದ್ಯ ಅಫೀಮು ವರ್ಗದ ವ್ಯಸನಕ್ಕೆ ಕೊಡುವ ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್‌ಗಳು ಕೋಶದ ಮೇಲ್ಮೈಯ ಗ್ರಾಹಕದ ಮೇಲೆ ಕೆಲಸ ಮಾಡುತ್ತವೆ. ಕೋಶಕೇಂದ್ರದ ಗುರುತುಗಳನ್ನು ಅಳಿಸಲೆಂದು ರೂಪಿಸಿದವಲ್ಲ. ಅವುಗಳನ್ನು ತಿಂಗಳು, ವರ್ಷಗಳ ಕಾಲ ಮುಂದುವರಿಸುವುದನ್ನು ಒಂದು ಚಟಕ್ಕೆ ಬದಲು ಇನ್ನೊಂದು ಎಂದು ಹಳಿಯುವವರಿದ್ದಾರೆ. ಮಿದುಳಿನ ಬೇರೆ ಬೇರೆ ಬದಲಾವಣೆಗಳು ಬೇರೆ ಬೇರೆ ವೇಗದಲ್ಲಿ ಹಿಂದಿರುಗುತ್ತವೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹೆರಾಯಿನ್ ನಿಲ್ಲಿಸಿದ ಕೆಲವೇ ವಾರಗಳಲ್ಲಿ ದೇಹ ಅದರ ದೊಡ್ಡ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಂಬಲ ಮಾತ್ರ ಅಷ್ಟು ಬೇಗ ಹೋಗಿರುವುದಿಲ್ಲ. ಔಷಧದ ಬೆಂಬಲವಿಲ್ಲದೆ ಸೆರೆಮನೆಯಿಂದಲೋ ಚಿಕಿತ್ಸಾ ಕೇಂದ್ರದಿಂದಲೋ ಹೊರಬಂದ ವ್ಯಕ್ತಿ ಹಳೆಯ ಹಂಬಲದಿಂದ ಹಳೆಯ ಪ್ರಮಾಣವನ್ನೇ ತೆಗೆದುಕೊಂಡಾಗ ಉಸಿರಾಟ ನಿಲ್ಲುತ್ತದೆ, ಮತ್ತು ಮಿತಿಮೀರಿದ ಸೇವನೆಯಿಂದ ಸಾಯುವ ಅಪಾಯ ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲೇ ಅತಿ ಹೆಚ್ಚಿರುವುದು ಇದರಿಂದಾಗಿಯೇ.